ಹರಿವಾಣದ ಅಲೆ

ಗೊದಮೊಟ್ಟೆಯ ಬಾಲ ತಾಗಿದ ಕಡೆ ನೀರು ಇನ್ನೂ ಸರಿಯಾಗಿ ಅಲುಗುತ್ತಿರಲಿಲ್ಲ.

ಅನಂತಲಕ್ಷ್ಮಿ ಅಲೆಯ ಎತ್ತರವನ್ನು ಕೊಂಚ ಇಳಿಸಿ, ವೇಗವನ್ನು ಇನ್ನಷ್ಟು ತಗ್ಗಿಸಿ, ಮತ್ತೆ ಓಡಿಸಿ ನೋಡಿದಳು. ಪರದೆಯ ಮೇಲಿನ ಪುಟ್ಟ ಕಪ್ಪು ಜೀವ ಬಾಲ ಬಡಿಯಿತು. ನೀರು ಜೆಲ್ಲಿಯ ಹಾಗೆ ನಡುಗಿತು. ನೀರು ಹಾಗೆ ನಡುಗುವುದಿಲ್ಲ. ತನ್ನ ಮೇಲೆ ಬಿದ್ದದ್ದನ್ನು ಪಕ್ಕಕ್ಕೆ ದಾಟಿಸಿ ಸುಮ್ಮನಾಗುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆಲ್ಲ ಅವಳು ಮೊದಲು ಹೇಳುತ್ತಿದ್ದ ಮಾತು ಅದು.

ಬಸವೇಶ್ವರನಗರದ ಆ ಮನೆಯ ಮಹಡಿಯೇ ಅವಳ ಸ್ಟುಡಿಯೋ. ಶಾಲೆಯ ಮಕ್ಕಳಿಗಾಗಿ ಪಾಠದ ಅನಿಮೇಷನ್ ಚಿತ್ರಗಳನ್ನು ಮಾಡುತ್ತಿದ್ದಳು. ಜೊತೆಗೆ ಕೆಲಸ ಮಾಡಲು ಮಾಲವಿಕಾ ಎಂಬ ಹುಡುಗಿ. ಕೆಳಗಿನ ಮನೆಯಲ್ಲಿ ಇದ್ದವರು ಇಬ್ಬರೇ: ಮದುವೆಯಾಗದೆ ಉಳಿದ ಅವಳು, ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತನಾದ ಅಣ್ಣ ಗೋಪೀನಾಥ.

ಮತ್ತೆ ವೇಗಕ್ಕೆ ಕೈ ಹಾಕುವಷ್ಟರಲ್ಲಿ ಮೆಟ್ಟಿಲ ಕಡೆಯಿಂದ ಕೆಮ್ಮಿದ ಸದ್ದಾಯಿತು.

"ಬರಬಹುದಾ ಮೇಡಂ?"

ಇನ್ಸ್‌ಪೆಕ್ಟರ್ ರುದ್ರಮುನಿ. ಸಮವಸ್ತ್ರ ಇರಲಿಲ್ಲ. ಚಪ್ಪಲಿಯನ್ನು ಬಾಗಿಲ ಹೊರಗೇ ಬಿಟ್ಟಿದ್ದರು.

"ಬನ್ನಿ ಸಾರ್."

"ಒಂದೈದು ನಿಮಿಷ ಅಷ್ಟೇ. ಕಾಫಿ ಗೀಫಿ ಏನೂ ಬೇಡ."

"ನಮ್ಮಣ್ಣ ಕೆಳಗೆ ನಿಮ್ಮನ್ನ ನೋಡಿರ್ತಾನೆ. ಇಷ್ಟೊತ್ತಿಗೆ ಹಾಲು ಒಲೆ ಮೇಲಿರುತ್ತೆ."

"ಹಾಗಾದ್ರೆ ಬೇಡ ಅಂದ್ರೂ ಪ್ರಯೋಜನ ಇಲ್ಲ," ಎಂದು ಅವರು ಕುರ್ಚಿ ಎಳೆದುಕೊಂಡರು.

ಕೆಂಗೇರಿ ಉಪನಗರದಾಚೆ, ತನ್ನದೇ ಜಮೀನಿನ ಹಳೆಯ ಕಲ್ಲುಕೊಳದಲ್ಲಿ ಚನ್ನಕೇಶವ ಹೆಣವಾಗಿ ಸಿಕ್ಕ ಮೇಲೆ ರುದ್ರಮುನಿ ಈ ಮಹಡಿಯನ್ನು ಹತ್ತಿದ್ದು ಎರಡನೆಯ ಸಲ. ಮೊದಲ ಸಲ ಮಾಲವಿಕಾಳನ್ನು ಹುಡುಕಿಕೊಂಡು ಬಂದಿದ್ದರು. ಗೊದಮೊಟ್ಟೆಯ ಚಿತ್ರಕ್ಕೆ ನಿಜವಾದ ಕೊಳವನ್ನು ನೋಡಬೇಕೆಂದು ಅವನು ಸತ್ತ ಸಂಜೆ ಅವಳು ಅಲ್ಲಿಗೆ ಹೋಗಿದ್ದಳು. ಮೆಟ್ಟಿಲಿನ ಮೇಲೆ ಫೋನ್ ಒರಗಿಸಿಟ್ಟು ಅವಳು ತೆಗೆದ ವಿಡಿಯೋದಲ್ಲಿ ಚನ್ನಕೇಶವ ಇನ್ನೂ ಬದುಕಿದ್ದ. ಪೊಲೀಸರು ಕೇಳಿದ ಮರುದಿನ ಅದನ್ನು ಕೊಟ್ಟಿದ್ದಳು. ಅದೇ ವಿಡಿಯೋ ನೋಡಿ ಅವನ ಡ್ರೈವರ್ ಮಂಜುನಾಥನನ್ನು ಹಿಡಿದಿದ್ದರು.

ರುದ್ರಮುನಿ ಜೇಬಿನಿಂದ ಪೆನ್‌ಡ್ರೈವ್ ತೆಗೆದುಕೊಟ್ಟರು.

"ನಾನು ಇದನ್ನ ನೋಡಿ ನೋಡಿ ಸಾಕಾಗಿದೆ. ನೀವೊಂದ್ಸಲ ನೋಡಿ."

ಪರದೆಯ ಮೇಲೆ ಕೊಳ ಮೂಡಿತು. ಮೇಲರ್ಧದಲ್ಲಿ ಎದುರು ದಡದ ಕಲ್ಲಿನ ಮೆಟ್ಟಿಲುಗಳು, ಕೆಳಗರ್ಧದಲ್ಲಿ ನೀರು. ಪಂಚೆಯನ್ನು ಮೊಣಕಾಲಿಗೆ ಎತ್ತಿಕೊಂಡು ಚನ್ನಕೇಶವ ಕೂತಿದ್ದ. ಮಂಜುನಾಥ ಮೆಟ್ಟಿಲಿಳಿದು ಬಂದು ಊಟದ ಡಬ್ಬಿಯನ್ನು ಅವನ ಪಕ್ಕದಲ್ಲಿಟ್ಟ. ಚನ್ನಕೇಶವನ ತಲೆಯಿಂದ ನಾಲ್ಕಾರು ಮೆಟ್ಟಿಲು ಮೇಲಕ್ಕೆ ಚಿತ್ರ ಮುಗಿದುಹೋಗಿತ್ತು. ದಡದ ಮೇಲಿನ ಕಟ್ಟೆ ಅದರೊಳಗೆ ಬಂದಿರಲಿಲ್ಲ.

"ಮೆಟ್ಟಿಲ ಪಕ್ಕದ ಈ ಗೂಡಿನಲ್ಲಿರೋ ಊದುಬತ್ತಿ ನೋಡಿ," ರುದ್ರಮುನಿ ಬೆರಳು ತೋರಿಸಿದರು. "ಹೊಗೆ ದಾರ ಕಟ್ಟಿದ ಹಾಗೆ ನೆಟ್ಟಗೆ ಏಳ್ತಿದೆ. ಗಾಳಿ ಇಲ್ಲ. ನೀರಲ್ಲಿ ಮಾತ್ರ ಈ ಪರಿ ಅಲೆ."

"ಮೀನು ಇರಬಹುದು. ಯಾರಾದ್ರೂ ಕಾಲು ಆಡಿಸಿರಬಹುದು."

"ಇರಬಹುದು. ಆದ್ರೆ ಮಂಜುನಾಥ ಒಂದೇ ಮಾತು ಹೇಳ್ತಾನೆ. ಮೇಲೆ ಕಟ್ಟೆ ಹತ್ರ ಬಿಳಿ ಶರ್ಟಿನವರೊಬ್ಬರು ನಿಂತಿದ್ರು, ನಾನು ಡಬ್ಬಿ ಇಟ್ಟು ಹೊರಟುಹೋದೆ ಅಂತ. ಕ್ಯಾಮೆರಾಗೆ ಅಷ್ಟು ಮೇಲೆ ಕಾಣಲ್ಲ, ಸರಿ. ನೀರಿಗೆ ಕಾಣುತ್ತಲ್ಲ ಮೇಡಂ? ನಿಂತ ನೀರಾಗಿದ್ರೆ ಆ ಮನುಷ್ಯನ ನೆರಳು ತಲೆಕೆಳಗಾಗಿ ಬೀಳಬೇಕಿತ್ತು ಅದರಲ್ಲಿ."

ಅನಂತಲಕ್ಷ್ಮಿ ತಲೆಯಾಡಿಸಿದಳು. ಮನುಷ್ಯ ಬುದ್ಧಿವಂತ, ಅಂದುಕೊಂಡಳು.

"ಲ್ಯಾಬಿಗೆ ಕಳಿಸಿದೀರಾ?"

"ಕಳಿಸಿದೀನಿ. ಅವರ ಸರದಿ ಬರೋ ಹೊತ್ತಿಗೆ ನಾನು ರಿಟೈರ್ ಆಗಿರ್ತೀನಿ. ನಾಳೆ ಮಧ್ಯಾಹ್ನ ಮಂಜುನಾಥನ್ನ ಕೋರ್ಟಿಗೆ ಹಾಜರು ಮಾಡ್ಬೇಕು. ಅಲ್ಲಿಂದ ಜೈಲು. ಕೊಲೆ ಕೇಸಲ್ಲಿ ಒಳಗೆ ಹೋದವನಿಗೆ ಬೇಲ್ ಅಷ್ಟು ಸುಲಭಕ್ಕೆ ಸಿಗಲ್ಲ. ಅವನ ಹೆಂಡತಿ ದಿನಾ ಸ್ಟೇಷನ್ ಮುಂದೆ ಬಂದು ಕೂತಿರ್ತಾಳೆ. ಅಳಲ್ಲ, ಏನೂ ಕೇಳಲ್ಲ. ಕೂತಿರ್ತಾಳೆ ಅಷ್ಟೇ. ಬೈದ್ರೂ ಪರವಾಗಿಲ್ಲ ಅನ್ಸುತ್ತೆ ನಂಗೆ."

ಅವರು ಮಾತಾಡುತ್ತಿದ್ದಂತೆ ವಿಡಿಯೋ ಮತ್ತೆ ಮೊದಲಿನಿಂದ ಓಡುತ್ತಿತ್ತು. ಅನಂತಲಕ್ಷ್ಮಿ ನೀರನ್ನೇ ನೋಡುತ್ತಿದ್ದಳು. ಅಲೆಗಳು ಬಲಗಡೆಯಿಂದ ಹರಡಿಕೊಂಡು ಬಂದವು, ಎಡದ ತುದಿಯನ್ನು ಮುಟ್ಟಿದವು, ಹಿಂದಿರುಗಿದವು. ಹಿಂದಿರುಗುವಾಗ ಒಂದು ಕಡೆ, ಒಂದೇ ಕಡೆ, ಅಲೆಯ ಗೆರೆ ಮೊಣಕೈ ಮಡಿಸಿದ ಹಾಗೆ ಮುರಿಯಿತು.

ಆ ಮೊಣಕೈ ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಏನಾದ್ರೂ ಕಾಣ್ತಾ?" ರುದ್ರಮುನಿ ಕೇಳಿದರು.

"ಸರಿಯಾಗಿ ನೋಡ್ಬೇಕು ಸಾರ್. ಇದನ್ನ ಇಲ್ಲೇ ಬಿಟ್ಟು ಹೋಗಿ."

ಅಷ್ಟರಲ್ಲಿ ಗೋಪೀನಾಥ ಕಾಫಿ ತಂದ. ಅವನು ಬಾಗಿಲ ಬಳಿ ಬಂದಾಗ ಅವಳ ಕೈ ತಾನಾಗಿಯೇ ವಿಡಿಯೋವನ್ನು ನಿಲ್ಲಿಸಿತ್ತು.

"ಸಕ್ಕರೆ ಕಮ್ಮಿ ಹಾಕಿದೀನಿ ರುದ್ರಮುನಿಯವ್ರೆ. ನಿಮ್ಮ ಹೊಟ್ಟೆ ನೋಡಿ ಭಯ ಆಯ್ತು."

"ಪೊಲೀಸರ ಹೊಟ್ಟೆ ಬಗ್ಗೆ ಸಾಕ್ಷಿ ಇಲ್ದೆ ಮಾತಾಡಬಾರದು ಮೇಷ್ಟ್ರೇ."

"ಸಾಕ್ಷಿ ನನ್ನ ಮುಂದೇನೇ ಕೂತಿದೆಯಲ್ಲ."

ಮೂವರೂ ನಕ್ಕರು. ಗೋಪೀನಾಥ ಕಿಟಕಿಗೆ ಒರಗಿ ನಿಂತ. "ಕೊಳಕ್ಕೆ ಮಣ್ಣು ತುಂಬೋದು ನಿಂತಿತಾ?"

"ಸದ್ಯಕ್ಕೆ ನಿಂತಿದೆ. ಸುತ್ತ ಟೇಪ್ ಕಟ್ಟಿಸಿದೀನಿ. ಇಲ್ದಿದ್ರೆ ಇಷ್ಟೊತ್ತಿಗೆ ಅಲ್ಲಿ ಚನ್ನಕೇಶವ ಕಟ್ಟಿಸ್ಬೇಕು ಅಂತಿದ್ದ ಮದುವೆ ಛತ್ರದ ಪಾಯ ಎದ್ದಿರ್ತಿತ್ತು."

"ಒಳ್ಳೇ ಕೊಳ ಅದು. ಎಷ್ಟು ಸಲ ಕೂತು ಬರೆದಿದೀನಿ. ಅವತ್ತು ನಾನೂ ಹೋಗೋನೇ ಇದ್ದೆ ಮಾಲವಿಕಾ ಜೊತೆ. ವಿಜಯನಗರದ ಕಣ್ಣಿನ ಡಾಕ್ಟ್ರು ಅದೇ ಹೊತ್ತಿಗೆ ಬನ್ನಿ ಅಂದ್ಬಿಟ್ರು."

ಲೋಟಗಳನ್ನು ತೆಗೆದುಕೊಂಡು ಅವನು ಇಳಿದುಹೋದ. ಅವನ ಹಿಂದೆಯೇ ರುದ್ರಮುನಿಯೂ ಹೊರಟರು.

ಒಬ್ಬಳೇ ಉಳಿದ ಮೇಲೆ ಅನಂತಲಕ್ಷ್ಮಿ ಕೆಲಸಕ್ಕಿಳಿದಳು.

ನೀರಿನ ಅಲೆಗೆಂದೇ ಅವಳ ಸಾಫ್ಟ್‌ವೇರಿನಲ್ಲಿ ಸಿದ್ಧವಾದ ಎಫೆಕ್ಟ್ ಇತ್ತು. ಒಂದು ಬಟನ್ ಒತ್ತಿದರೆ ಸಾಕು, ಕಂಪಾಸಿನಲ್ಲಿ ಎಳೆದ ಹಾಗೆ ದುಂಡನೆಯ ಉಂಗುರಗಳು ಹರಡುತ್ತಿದ್ದವು. ಅವಳಿಗೆ ಅವನ್ನು ಕಂಡರೆ ಆಗುತ್ತಿರಲಿಲ್ಲ. ಅಮ್ಮನ ಕಾಲದ ಹಿತ್ತಾಳೆ ಹರಿವಾಣಕ್ಕೆ ನೀರು ತುಂಬಿ, ತಾರಸಿಯ ಬಿಸಿಲಿನಲ್ಲಿಟ್ಟು, ಬೆರಳದ್ದಿ, ಏಳುವ ಅಲೆಗಳನ್ನು ಮೇಲಿನಿಂದ ಚಿತ್ರ ತೆಗೆದಿದ್ದಳು. ಅದನ್ನು ಕಪ್ಪು ಬಿಳುಪು ಮಾಡಿ ಇಟ್ಟುಕೊಂಡಿದ್ದಳು. ಅದಕ್ಕೆ ಅವರು ಮ್ಯಾಪ್ ಎನ್ನುತ್ತಿದ್ದರು. ಯಾವುದೇ ಚಿತ್ರದ ಮೇಲೆ ಈ ಮ್ಯಾಪನ್ನು ಹೊದಿಸಿದರೆ, ಅದು ಬೆಳ್ಳಗಿರುವಲ್ಲಿ ಚಿತ್ರ ಒಂದು ಕಡೆಗೆ ಸರಿಯುತ್ತದೆ, ಕಪ್ಪಗಿರುವಲ್ಲಿ ಎದುರು ಕಡೆಗೆ. ನಡುವಿನ ಬೂದು ಬಣ್ಣದಲ್ಲಿ ಇದ್ದಲ್ಲೇ ಇರುತ್ತದೆ. ನೋಡುವವರಿಗೆ ನೀರು ಅಲುಗಿದಂತೆ ಕಾಣುತ್ತದೆ.

ಹರಿವಾಣದ ಅಂಚು ಒಂದು ಕಡೆ ನೆಗ್ಗಿತ್ತು. ಯಾವುದೋ ಗೌರಿಹಬ್ಬದಲ್ಲಿ ಕಲ್ಲಿನ ಮೇಲೆ ಬಿದ್ದು ಆದ ನೆಗ್ಗು. ಅಲೆ ಅಲ್ಲಿಗೆ ತಾಗಿ ಹಿಂದಿರುಗುವಾಗ ಮುರಿಯುತ್ತಿತ್ತು. ಮಾಲವಿಕಾ ಅದಕ್ಕೆ ಲಕ್ಷ್ಮಿ ಆಂಟಿಯ ಮೊಣಕೈ ಎಂದು ಹೆಸರಿಟ್ಟಿದ್ದಳು.

ಅನಂತಲಕ್ಷ್ಮಿ ಕೊಳದ ವಿಡಿಯೋದ ಪಕ್ಕದಲ್ಲಿ ತನ್ನ ಮ್ಯಾಪನ್ನು ತೆರೆದಳು. ತಟ್ಟೆಯ ಅಲೆ ಚುರುಕು. ಕೊಳಕ್ಕೆ ಹೊಂದಬೇಕಾದರೆ ನಿಧಾನ ಮಾಡಬೇಕು. ಮಾಡಿದ್ದಳು ಹುಡುಗಿ. ದೂರದ ಅಲೆ ಕಿರಿದಾಗಬೇಕು, ಹತ್ತಿರದ್ದು ಅಗಲವಾಗಬೇಕು. ಅದನ್ನೂ ಮಾಡಿದ್ದಳು. ಮೆಟ್ಟಿಲು ನೀರನ್ನು ಮುಟ್ಟುವ ಗೆರೆಯಲ್ಲಿ ಕಲ್ಲು ಅಲುಗಬಾರದು. ಅಲುಗಿರಲಿಲ್ಲ. ಒಂದು ಗಳಿಗೆ ಅನಂತಲಕ್ಷ್ಮಿಗೆ ಹೆಮ್ಮೆಯೇ ಆಯಿತು. ಆಮೇಲೆ ತಾನು ಏನನ್ನು ನೋಡಿ ಹೆಮ್ಮೆಪಡುತ್ತಿದ್ದೇನೆ ಎಂಬುದು ನೆನಪಾಯಿತು.

ಮೊಣಕೈ ಮೊಣಕೈಗೆ ಸರಿಯಾಗಿ ಕೂತಿತು.

ಸಾಫ್ಟ್‌ವೇರಿನ ಸಿದ್ಧ ಉಂಗುರದ ಎಫೆಕ್ಟ್ ಹಾಕಿದ್ದರೆ ಯಾರು ಹಾಕಿದ್ದೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ಉಂಗುರಗಳನ್ನು ಮುಟ್ಟಬೇಡ ಎಂದು ವರ್ಷಗಟ್ಟಲೆ ಗದರಿಸಿ ಕಲಿಸಿದವಳು ತಾನೇ.

ಮಾಲವಿಕಾ ಊಟ ಮುಗಿಸಿ ಬಂದಾಗ ಕೈಯಲ್ಲಿ ಸೀಬೆಹಣ್ಣಿನ ಕವರಿತ್ತು.

"ಆಂಟಿ, ಖಾರ ಹಾಕಿಸ್ಕೊಂಡು ಬಂದಿದೀನಿ. ಬಿಸಿ ಇರುವಾಗಲೇ ತಿನ್ಬೇಕು," ಎಂದು ತನ್ನ ಜೋಕಿಗೆ ತಾನೇ ನಗುತ್ತಾ ಬಂದವಳು ಪರದೆಯನ್ನು ನೋಡಿ ನಿಂತಳು.

"ಕೂತ್ಕೋ," ಎಂದಳು ಅನಂತಲಕ್ಷ್ಮಿ.

ಹುಡುಗಿ ಕೂತಳು. ಕವರನ್ನು ತೊಡೆಯ ಮೇಲೇ ಇಟ್ಟುಕೊಂಡಳು.

"ಇದು ನಮ್ಮ ಹರಿವಾಣ."

"ಹೂಂ."

"ಪೊಲೀಸರಿಗೆ ಕೊಡೋ ಮುಂಚೆ ಹಾಕಿದ್ದಾ?"

"ನೀರು ತುಂಬಾ ಸಪ್ಪೆ ಕಾಣ್ತಿತ್ತು ಆಂಟಿ. ನಮ್ಮ ಚಿತ್ರಕ್ಕೆ ಅಂತ ಹಾಕಿ ನೋಡಿದ್ದೆ. ಅರ್ಜೆಂಟಲ್ಲಿ ಅದೇ ಫೈಲು ಕೊಟ್ಟುಬಿಟ್ಟೆ."

"ಹಾಗಾದ್ರೆ ಅಲೆ ಇಲ್ಲದ್ದು ಕೊಡು. ನಾನೇ ಕೊಟ್ಟು ತಪ್ಪಾಯ್ತು ಅಂತ ಹೇಳ್ತೀನಿ."

ಮಾಲವಿಕಾ ಕವರಿನೊಳಗೆ ಬೆರಳಾಡಿಸಿದಳು.

"ಎಲ್ಲಿದೆ?"

"ಅಳಿಸಿಬಿಟ್ಟೆ."

"ಫೋನಲ್ಲಿ?"

"ಅಲ್ಲೂ."

ಕೆಳಗೆ ಗೋಪೀನಾಥ ರೇಡಿಯೋ ಹಾಕಿದ. ಯಾವುದೋ ವೀಣೆ. ಮಾಲವಿಕಾ ಬಾಗಿಲ ಕಡೆ ಒಮ್ಮೆ ನೋಡಿ ತಗ್ಗಿದ ದನಿಯಲ್ಲಿ ಹೇಳಿದಳು: "ನೀರಲ್ಲಿ ನಾನೇ ಕಾಣ್ತಿದ್ದೆ ಆಂಟಿ. ನನ್ನ ನೆರಳು. ಸುಮ್ನೆ ಯಾಕೆ ನನ್ನ ಮೇಲೆ ಬರುತ್ತೆ ಅಂತ ಭಯ ಆಯ್ತು."

ಅನಂತಲಕ್ಷ್ಮಿ ಅವಳನ್ನೇ ನೋಡಿದಳು. ಸುಳ್ಳು ಹೇಳುವಾಗ ಈ ಹುಡುಗಿ ಎಷ್ಟು ಚಿಕ್ಕವಳಾಗಿ ಕಾಣುತ್ತಾಳೆ.

"ನೀನು ಇದ್ದದ್ದು ಫೋನಿನ ಹಿಂದೆ, ಈ ದಡದಲ್ಲಿ. ನೀರಲ್ಲಿ ಬೀಳೋದು ಆ ದಡ. ಅಷ್ಟೂ ಗೊತ್ತಿಲ್ವಾ ನಿಂಗೆ? ಗೊತ್ತಿಲ್ಲ ಅಂದ್ರೆ ಇಷ್ಟು ವರ್ಷ ನಾನು ಕಲಿಸಿದ್ದು ಏನು?"

ಮಾಲವಿಕಾ ಕವರಿನ ಬಾಯಿ ಮಡಿಸಿದಳು.

"ಮಂಜುನಾಥ ಹೇಳ್ತಿರೋದು ನಿಜ. ಮೇಲೆ ಯಾರೋ ನಿಂತಿದ್ರು. ನೀರಲ್ಲಿ ಅವರ ನೆರಳು ಬಿದ್ದಿತ್ತು. ನೀನು ಅವರ ಮೇಲೆ ಅಲೆ ಎಳೆದೆ. ಯಾರೇ ಅದು?"

"ನಾನು ಕೊಡುವಾಗ ಮಂಜುನಾಥನ್ನ ಹಿಡೀತಾರೆ ಅಂತ ಗೊತ್ತಿರಲಿಲ್ಲ ಆಂಟಿ. ದೇವರಾಣೆ. ಜಾರಿ ಬಿದ್ದು ಸತ್ತಿದ್ದು ಅಂತ ಬರ್ಕೋತಾರೆ, ಮುಗಿದುಹೋಗುತ್ತೆ ಅಂತಿದ್ದೆ."

"ಈಗ ಗೊತ್ತಾಗಿದೆಯಲ್ಲ. ನಾಳೆ ಅವನನ್ನ ಜೈಲಿಗೆ ಹಾಕ್ತಾರೆ."

"ಹೂಂ."

"ಯಾರು?"

ಮಾಲವಿಕಾ ತಲೆ ಅಲ್ಲಾಡಿಸಿದಳು. ಅನಂತಲಕ್ಷ್ಮಿ ಕಂಪ್ಯೂಟರಿನ ಕಡೆ ತಿರುಗಿದಳು. ವಿಡಿಯೋದ ಮೇಲೆ ಅದೇ ಮ್ಯಾಪನ್ನು ಹೊದಿಸಿದಳು. ಅದೇ ನಿಧಾನ, ಅದೇ ಇಳಿಜಾರು. ಉಳಿದದ್ದು ಒಂದೇ ಅಂಕಿ: ಎಷ್ಟು ಸರಿಸಬೇಕು ಎಂಬುದು. ಅದರ ಮೊದಲಿಗೆ ಒಂದು ಮೈನಸ್ ಗುರುತು ಹಾಕಿದರೆ ಬಲಕ್ಕೆ ಸರಿದದ್ದು ಎಡಕ್ಕೆ ಬರುತ್ತದೆ, ಮೇಲಕ್ಕೆ ಹೋದದ್ದು ಕೆಳಕ್ಕೆ. ತಂದ ದಾರಿಯಲ್ಲೇ ಹಿಂದಕ್ಕೆ ಕಳಿಸುವುದು. ಪೂರ್ತಿ ಸರಿಯಾಗುವುದಿಲ್ಲ, ಮುಖ ಸಿಗಲಾರದು. ಬಟ್ಟೆಯ ಬಣ್ಣ, ನಿಲುವು ಸಿಗುತ್ತದೆ.

ಮಾಲವಿಕಾಳ ಕೈ ಬಂದು ಅವಳ ಕೈಯ ಮೇಲೆ ಕೂತಿತು. ಖಾರದ ಪುಡಿ ಮೆತ್ತಿದ ತಣ್ಣನೆಯ ಬೆರಳುಗಳು.

"ಬೇಡ ಆಂಟಿ."

"ನಿನ್ನ ಹೆಸರು ಬರದ ಹಾಗೆ ನೋಡ್ಕೋತೀನಿ."

"ನಂಗೋಸ್ಕರ ಅಲ್ಲ." ಹುಡುಗಿ ಕೈ ಹಿಂದೆಗೆಯಲಿಲ್ಲ. "ನಿಮಗೋಸ್ಕರ ಹಾಕಿದ್ದು. ಬಿಟ್ಬಿಡಿ. ಈ ಮ್ಯಾಪ್ ಇರೋದು ನಿಮ್ಮ ಹತ್ರ ಒಂದೇ. ನನ್ನದನ್ನ ಅವತ್ತೇ ಅಳಿಸಿದೆ. ಇದೂ ಹೋದ್ರೆ ಯಾವ ಲ್ಯಾಬಿನವರೂ ಏನೂ ಮಾಡಕ್ಕಾಗಲ್ಲ."

ಅನಂತಲಕ್ಷ್ಮಿ ಆ ಕೈಯನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟಳು. ಮೈನಸ್ ಒತ್ತಿದಳು.

ಕೊಳ ನಿಂತಿತು.

ನೀರಿನೊಳಗಿನ ಮೆಟ್ಟಿಲುಗಳು ಗೆರೆ ಗೆರೆಯಾಗಿ ನೆಟ್ಟಗಾದವು. ತಲೆಕೆಳಗಾದ ಚನ್ನಕೇಶವ, ಅವನ ಪಂಚೆಯ ಅಂಚು. ಅವನಿಂದಾಚೆ ಇನ್ನಷ್ಟು ಮೆಟ್ಟಿಲುಗಳು, ಕಟ್ಟೆಯ ಕಲ್ಲು. ಕಟ್ಟೆಯ ಬಳಿ ಒಂದು ಬೆಳ್ಳನೆಯ ಆಕಾರ. ಅವಳು ಚಿತ್ರವನ್ನು ತಿರುಗಿಸಿ ದೊಡ್ಡದು ಮಾಡಿದಳು.

ಮುಖ ಕಲಸಿಹೋಗಿತ್ತು. ಬಿಳಿ ಶರ್ಟು. ಎತ್ತರದ ಮೈಕಟ್ಟು, ಎಡಕ್ಕೆ ಸ್ವಲ್ಪ ವಾಲಿದ ತಲೆ. ಸೊಂಟದ ಎರಡೂ ಬದಿಗೆ ಒಂದು ಕಪ್ಪು ಗೆರೆ ಚಾಚಿಕೊಂಡಿತ್ತು. ಬೆನ್ನ ಹಿಂದೆ ಕೊಡೆಯನ್ನು ಅಡ್ಡಲಾಗಿಟ್ಟು, ಅದಕ್ಕೆ ಎರಡೂ ಮೊಣಕೈ ಸಿಕ್ಕಿಸಿಕೊಂಡು ನಿಂತ ಗಂಡಸು.

ಯಾವಾಗಲೂ ಹೀಗೇ ನಿಲ್ಲುತ್ತಿದ್ದ ಅಣ್ಣನಿಗೆ ಸ್ಕೂಲಿನಲ್ಲಿ ಮಕ್ಕಳು ತಕ್ಕಡಿ ಮೇಷ್ಟ್ರು ಎನ್ನುತ್ತಿದ್ದರು. ಆ ಮಕ್ಕಳಲ್ಲಿ ಮಾಲವಿಕಾಳೂ ಒಬ್ಬಳು. ಹತ್ತನೆಯ ತರಗತಿ ಮುಗಿದಾಗ ಈ ಹುಡುಗಿಯ ಕೈ ಚೆನ್ನಾಗಿದೆ ಎಂದು ಕರೆತಂದು ಈ ಮಹಡಿ ಹತ್ತಿಸಿದವನು ಅವನೇ.



"ಅವರು ಬಂದಿದ್ದು ನಂಗೂ ಗೊತ್ತಿರಲಿಲ್ಲ," ಮಾಲವಿಕಾ ಪಿಸುಗುಟ್ಟಿದಳು. "ನಾನು ಫೋನ್ ನೋಡ್ತಾ ಕೂತಿದ್ದೆ, ರೆಕಾರ್ಡ್ ಮುಗಿದ ತಕ್ಷಣ ಬಸ್ಸಿಗೆ ಓಡಿದೆ. ಪೊಲೀಸರು ಕೇಳಿದ ಮೇಲೆ ಮನೇಲಿ ಹಾಕಿ ನೋಡಿದಾಗ್ಲೇ ಕಂಡಿದ್ದು. ಮೇಷ್ಟ್ರು ನಿಂತಿದ್ರು ಅಷ್ಟೇ ಆಂಟಿ. ನಿಂತಿದ್ದು ತಪ್ಪಾ?"

"ತಪ್ಪಲ್ಲ."

"ಮತ್ತೆ?"

ಅನಂತಲಕ್ಷ್ಮಿ ವಿಡಿಯೋವನ್ನು ಒಂದೊಂದೇ ಚಿತ್ರವಾಗಿ ಮುಂದಕ್ಕೆ ನಡೆಸಿದಳು. ಮಂಜುನಾಥ ಡಬ್ಬಿ ಇಟ್ಟ, ತಿರುಗಿ ಮೇಲೆ ಹತ್ತಿದ, ಚಿತ್ರದಿಂದ ಹೊರಗೆ ಹೋದ. ನೀರಿನಲ್ಲಿ ಅವನ ಕಾಲುಗಳು ಬಿಳಿ ಶರ್ಟಿನ ಪಕ್ಕದಲ್ಲೇ ಹಾದು ಮರೆಯಾದವು. ವಿಡಿಯೋ ಮುಗಿಯುವ ಹೊತ್ತಿಗೆ ಕೊಡೆ ಬೆನ್ನ ಹಿಂದೆ ಇರಲಿಲ್ಲ. ಅದು ಬಲಗೈಗೆ ಬಂದಿತ್ತು. ಬಿಳಿಯ ಆಕಾರ ಒಂದು ಮೆಟ್ಟಿಲು ಕೆಳಗಿಳಿದಿತ್ತು.

"ಮನೆಗೆ ಹೋಗು," ಎಂದಳು.

"ಆಂಟಿ, ಏನು ಮಾಡ್ತೀರಾ?"

"ಹೋಗು ಕಣೇ. ಬಸ್ಸು ತುಂಬ್ಕೊಳ್ಳೋ ಹೊತ್ತಾಯ್ತು."

ಹುಡುಗಿ ಸೀಬೆಹಣ್ಣಿನ ಕವರನ್ನು ಮೇಜಿನ ಮೇಲೆ ಬಿಟ್ಟು ಹೋದಳು.

ಸಂಜೆ ಕೆಳಗಿಳಿದಾಗ ಅಣ್ಣ ತಟ್ಟೆ ಹಾಕಿದ್ದ. ಇತ್ತೀಚೆಗೆ ಅವರು ಬೇಗ ಊಟ ಮಾಡುತ್ತಿದ್ದರು. ಹುಳಿಯಲ್ಲಿ ಉಪ್ಪು ಮುಂದಾಗಿತ್ತು. ಅವನು ಅದನ್ನು ತಾನೇ ಹೇಳಿಕೊಂಡು, ಮೊಸರು ಜಾಸ್ತಿ ಹಾಕ್ಕೋ ಎಂದ. ಅವಳು ಹಾಕಿಕೊಂಡಳು.

ಅವಳಿಗೆ ಅವನ ಕೈ ಕಾಣುತ್ತಿತ್ತು. ಅಕ್ಷರಕ್ಕಿಂತ ಮೊದಲು ಅವಳಿಗೆ ಗೆರೆ ಎಳೆಯಲು ಕಲಿಸಿದ ಕೈ. ಅಪ್ಪ ಹೋದ ಮೇಲೆ, ತಂಗಿ ಮದುವೆ ಬೇಡ ಅಂದರೆ ಬೇಡ, ಅವಳ ಕೆಲಸ ಅವಳು ಮಾಡ್ಕೊಳ್ಳಲಿ ಎಂದು ನೆಂಟರ ಎದುರು ಹೇಳಿದವನು ಇವನೊಬ್ಬನೇ. ತಾನೂ ಮದುವೆಯಾಗಲಿಲ್ಲ. ಯಾಕೆಂದು ಅವಳು ಯಾವತ್ತೂ ಕೇಳಿರಲಿಲ್ಲ. ಕೇಳದೆ ಇರುವುದೇ ಈ ಮನೆಯ ನಡವಳಿಕೆಯಾಗಿತ್ತು.

"ಆ ಡ್ರೈವರ್ ಹುಡುಗನ ವಿಷಯ ಏನಂತೆ?" ಅವನು ಅನ್ನ ಕಲಸುತ್ತಾ ಕೇಳಿದ.

"ನಾಳೆ ಕೋರ್ಟಿಗೆ ಕರ್ಕೊಂಡು ಹೋಗ್ತಾರಂತೆ. ಆಮೇಲೆ ಜೈಲು."

ಕಲಸುವ ಕೈ ನಿಂತಿತು.

"ಪಾಪ," ಎಂದ. ಸ್ವಲ್ಪ ಹೊತ್ತಿನ ಮೇಲೆ, ತಟ್ಟೆಯನ್ನೇ ನೋಡುತ್ತಾ, "ಅವನು ಆ ಹೊತ್ತಿಗೆ ಹೊರಟುಹೋಗಿದ್ದನಲ್ಲ," ಎಂದ.

ಅವಳು ತಲೆಯೆತ್ತಲಿಲ್ಲ. ಮಂಜುನಾಥ ಹೊರಟುಹೋದ ಮಾತನ್ನು ರುದ್ರಮುನಿ ಹೇಳಿದಾಗ ಅಣ್ಣ ಕೆಳಗಿದ್ದ. ಅವಳಂತೂ ಹೇಳಿರಲಿಲ್ಲ. ಮಾತು ತಪ್ಪಿ ಬಂತೋ, ಅವಳು ಕೇಳಲಿ ಎಂದೇ ಅವನು ಬಾಗಿಲು ತೆರೆದಿಟ್ಟನೋ ತಿಳಿಯಲಿಲ್ಲ. ಬಾಯಿ ತೆರೆದರೆ ಸಾಕಿತ್ತು. ಅಣ್ಣ, ನೀನು ಅಲ್ಲಿದ್ದೆಯಾ? ಅವನು ಏನಾದರೊಂದು ಹೇಳುತ್ತಿದ್ದ. ಅದು ಏನೇ ಆಗಿರಲಿ ಅವಳು ನಂಬುತ್ತಿದ್ದಳು. ನಂಬಿದ ಮೇಲೆ, ಮಹಡಿ ಹತ್ತಿ ಆ ಮ್ಯಾಪನ್ನು ಅಳಿಸದೆ ಇರಲು ಅವಳಿಂದ ಆಗುತ್ತಿರಲಿಲ್ಲ. ಮಾತಾಡದೆ ಸ್ಟೇಷನ್ ಮುಂದೆ ಕೂತ ಹೆಂಗಸು ಅಲ್ಲೇ ಕೂತಿರುತ್ತಿದ್ದಳು.

"ಇನ್ನೊಂಚೂರು ಅನ್ನ?" ಎಂದ ಗೋಪೀನಾಥ.

"ಸಾಕು."

ಕೈ ತೊಳೆದು ಬಂದಾಗ ಫೋನು ಮಿನುಗುತ್ತಿತ್ತು. ರುದ್ರಮುನಿ ಏನಾದರೂ ಸಿಕ್ಕಿತಾ ಎಂದು ಕೇಳಿದ್ದರು. ಉತ್ತರ ಬರೆಯದೆ ಅವಳು ಫೋನನ್ನು ಮಗುಚಿಟ್ಟಳು. ಅಣ್ಣ ಪಾತ್ರೆಗಳನ್ನು ಎತ್ತಿಡುತ್ತಾ, ನಾಳೆ ಬೆಳಿಗ್ಗೆ ಸೊಪ್ಪು ತರಲು ಹೋಗುತ್ತೇನೆ, ನೀನೂ ಬರುತ್ತೀಯಾ ಎಂದು ಕೇಳಿದ. ಬೆಳಿಗ್ಗೆ ಬೇರೆ ಕೆಲಸವಿದೆ ಎಂದಳು. ಏನು ಕೆಲಸ ಎಂದು ಅವನು ಕೇಳಲಿಲ್ಲ.

ಅವನನ್ನು ಏನೂ ಕೇಳದೆಯೇ ಕೆಂಗೇರಿಯಲ್ಲಿ ರುದ್ರಮುನಿಯ ಸ್ಟೇಷನ್ನಿಗೆ ಹೋಗಿಬರಬೇಕು ಎಂದು ಅವಳು ತೀರ್ಮಾನಿಸಿದಳು. ಮೊದಲು ಕೇಳಿಬಿಟ್ಟರೆ ಹೋಗಲಾಗುವುದಿಲ್ಲ. ಅಡುಗೆಮನೆಯ ದೀಪ ಆರಿಸಿ, ಅಲೆಯಿಲ್ಲದ ಕೊಳವನ್ನು ಪೆನ್‌ಡ್ರೈವಿಗೆ ಇಳಿಸಲು ಮಹಡಿ ಹತ್ತಿದಳು.